ಏಕಾಂತವಾಸ ಮತ್ತು ಅತಿಥಿಧರ್ಮ

ಶರೀರದ ದಣಿವಿಗೆ ನಿದ್ರೆಯೇ ಮದ್ದು. ಹೊಲದಲ್ಲಿ ದಿನವೆಲ್ಲ ದುಡಿದ ರೈತನು ರಾತ್ರಿ ಉಂಡು ಮಲಗಿದರೆ ಬೆಳಗಾಗುವಷ್ಟರಲ್ಲಿ ಮತ್ತೆ ಕೆಲಸಕ್ಕೆ ಸಿದ್ಧನಾಗುತ್ತಾನೆ. ಆದರೆ ಮನಸ್ಸಿನ ದಣಿವು ಅಷ್ಟು ಸುಲಭವಾಗಿ ತೀರತಕ್ಕದ್ದಲ್ಲ. ಕೆಲಸವು ಎಲ್ಲಿ ಆರಂಭವಾಯಿತು, ಎಲ್ಲಿ ಮುಗಿಯಿತು ಎಂಬುದೇ ತಿಳಿಯದೆ ಹೋದಾಗ ಮನಸ್ಸು ಮಲಗಿದಾಗಲೂ ದುಡಿಯುತ್ತಲೇ ಇರುತ್ತದೆ. ಇಂಥ ದಣಿವು ಇಂದು ನಮ್ಮ ಮನೆಗಳ ಅನೇಕ ಕಿರಿಯರ ಪಾಲಿಗೆ ಬಂದಿದೆ.

2020ರ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ಕಚೇರಿಗಳು ಬಾಗಿಲು ಮುಚ್ಚಿದುವು; ಕೆಲಸವು ಮನೆಯೊಳಕ್ಕೆ ಬಂದಿತು. ಪಿಡುಗು ಶಮನವಾದ ಮೇಲೆ ಹಲವು ಸಂಸ್ಥೆಗಳು ನೌಕರರನ್ನು ಮರಳಿ ಕರೆಸಿಕೊಂಡರೂ, ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಎಷ್ಟೋ ಮಂದಿ ಇಂದಿಗೂ ವಾರದಲ್ಲಿ ಕೆಲವು ದಿನವಾದರೂ ಮನೆಯಿಂದಲೇ ದುಡಿಯುತ್ತಾರೆ. ಇದರಿಂದಾದ ಉಪಕಾರವನ್ನು ಅಲ್ಲಗಳೆಯಲಾಗದು. ವೃದ್ಧ ತಂದೆತಾಯಿಗಳ ಬಳಿಯಲ್ಲಿರುವ ಅವಕಾಶ ದೊರೆಯಿತು. ದಾರಿಯಲ್ಲಿ ಕಳೆದುಹೋಗುತ್ತಿದ್ದ ಗಂಟೆಗಳು ಉಳಿದುವು. ಆದರೆ ಮನೆಗೂ ಕಚೇರಿಗೂ ನಡುವೆ ಇದ್ದ ಆ ದಾರಿಯು ಒಂದು ಹೊಸ್ತಿಲಿನಂತೆಯೂ ಇತ್ತೆಂಬುದು ಅದು ಇಲ್ಲವಾದ ಮೇಲೆಯೇ ತಿಳಿದುಬಂದಿತು. ಊಟದ ಮೇಜೇ ಕಚೇರಿಯಾಗಿ, ಮಲಗುವ ಕೋಣೆಯೇ ಸಭೆ ನಡೆಯುವ ಸ್ಥಳವಾದಾಗ ಮನುಷ್ಯನು ಮನೆಯಲ್ಲಿದ್ದೂ ಮನೆಯವರಿಗೆ ದಕ್ಕುವುದಿಲ್ಲ.

ಈ ಕಷ್ಟವನ್ನು ಜಗತ್ತು ಗುರುತಿಸದೆ ಇಲ್ಲ. ಕೆಲಸದ ವೇಳೆ ಮುಗಿದ ಮೇಲೆ ಕಚೇರಿಯ ಕರೆಗಳಿಂದ ದೂರವಿರುವ ಹಕ್ಕನ್ನು ಫ್ರಾನ್ಸ್ ದೇಶದ ಕಾನೂನು 2017ರ ಜನವರಿ 1ರಿಂದಲೂ, ಆಸ್ಟ್ರೇಲಿಯಾದ ಕಾನೂನು 2024ರ ಆಗಸ್ಟ್ 26ರಿಂದಲೂ ಒಂದು ರೂಪದಲ್ಲಿ ಮನ್ನಿಸಿವೆ. ಇವು ಸ್ವಾಗತಾರ್ಹ ಕ್ರಮಗಳು. ಆದರೆ ಕಾನೂನು ಬಾಗಿಲನ್ನು ಮುಚ್ಚಿಕೊಡಬಲ್ಲುದೇ ಹೊರತು, ಮುಚ್ಚಿದ ಬಾಗಿಲಿನ ಒಳಗೆ ಕುಳಿತವನ ಮನಸ್ಸಿಗೆ ಶಾಂತಿಯನ್ನು ತಂದುಕೊಡಲಾರದು. ಆದುದರಿಂದಲೇ ಇಂದು ಅನೇಕರು ಎರಡು ಮೂರು ದಿನಗಳ ಮಟ್ಟಿಗೆ ಊರು ಬಿಟ್ಟು, ಒಬ್ಬರೇ, ಎಲ್ಲಿಯಾದರೂ ಒಂದು ಪ್ರಶಾಂತವಾದ ಹಳ್ಳಿಗೆ ಹೋಗಿ ಇದ್ದು ಬರಬೇಕೆಂದು ಬಯಸುತ್ತಾರೆ. ಈ ಬಯಕೆ ಧರ್ಮಸಮ್ಮತವೆ? ಹೋಗುವುದಾದರೆ ಹೇಗೆ ಹೋಗಬೇಕು? ಈ ಎರಡು ಪ್ರಶ್ನೆಗಳನ್ನು ವಾಚಕರ ಮುಂದಿರಿಸುವುದೇ ಈ ಬರಹದ ಉದ್ದೇಶ.

ಮೊದಲನೆಯ ಆಕ್ಷೇಪವು ಮನೆಯೊಳಗಿನಿಂದಲೇ ಬರುತ್ತದೆ. ಸಂಸಾರವನ್ನು ಬಿಟ್ಟು ಒಬ್ಬರೇ ಹೋಗುವುದು ಸ್ವಾರ್ಥವಲ್ಲವೆ ಎಂದು ತಾವು ಕೇಳಬಹುದು. ಮನೆಯಲ್ಲಿ ರೋಗಿಯಿರುವಾಗಲೋ, ಮಗು ಎಳೆಯದಾಗಿರುವಾಗಲೋ, ಇನ್ನೊಬ್ಬರ ಮೇಲೆ ಭಾರವನ್ನು ಹೊರಿಸಿ ಹೋದರೆ ಅದು ನಿಶ್ಚಯವಾಗಿ ಸ್ವಾರ್ಥವೇ. ಆದರೆ ದಣಿದ ಮನಸ್ಸು ಮನೆಗೆ ನೀಡುವುದಾದರೂ ಏನು? ಸಿಡುಕು, ಮೌನ, ಅನ್ಯಮನಸ್ಕತೆ. ಗಂಡನಾದವನು ಎರಡು ದಿನ ಹೋಗಿಬಂದರೆ ಹೆಂಡತಿಗೂ ಅಂಥ ಎರಡು ದಿನಗಳು ಸಿಗುವಂತೆ ನೋಡಿಕೊಳ್ಳಬೇಕು. ಹಾಗೆ ನೋಡಿಕೊಂಡಾಗ ಆ ವಿರಾಮವು ಮನೆಯ ಸಾಮಾನ್ಯ ಸೊತ್ತಾಗುತ್ತದೆ. ಸ್ವಾರ್ಥವನ್ನು ಅಳೆಯುವ ಕೋಲು ಇದೇ: ನಾನು ಪಡೆದುದನ್ನು ನನ್ನವರಿಗೂ ಬಿಟ್ಟುಕೊಡಬಲ್ಲೆನೆ?

ಎರಡನೆಯ ಆಕ್ಷೇಪವು ಜ್ಞಾನಿಗಳದು. ಎರಡನೆಯ ಶತಮಾನದ ರೋಮನ್ ಚಕ್ರವರ್ತಿ ಮಾರ್ಕಸ್ ಆರೀಲಿಯಸನು ತನ್ನ ಆತ್ಮಚಿಂತನೆಯ ಗ್ರಂಥದಲ್ಲಿ, ಜನರು ವಿಶ್ರಾಂತಿಗಾಗಿ ಹಳ್ಳಿ, ಬೆಟ್ಟ, ಕಡಲತೀರಗಳನ್ನು ಅರಸುವುದನ್ನು ಪ್ರಸ್ತಾಪಿಸಿ, ಬಯಸಿದಾಗಲೆಲ್ಲ ತನ್ನೊಳಗೇ ಹಿಂತೆಗೆದುಕೊಳ್ಳಬಲ್ಲ ಮನುಷ್ಯನಿಗೆ ಅದರ ಅವಶ್ಯಕತೆಯಿಲ್ಲವೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದ್ದಾನೆ. ಈ ಮಾತು ದೊಡ್ಡದು. ಸಂತೆಯ ನಡುವೆಯೂ ಏಕಾಂತವನ್ನು ಕಾಣಬಲ್ಲವರಿಗೆ ಹಳ್ಳಿಯ ಹಂಗಿಲ್ಲ. ಆದರೆ ಎಲ್ಲರೂ ಆ ಮಟ್ಟಕ್ಕೆ ಏರಿದವರಲ್ಲ. ಈಜು ಬಲ್ಲವನಿಗೆ ತುಂಬಿದ ಹೊಳೆಯೂ ಸರಿ. ಕಲಿಯುವವನಿಗೆ ಕಟ್ಟೆಯಿರುವ ಕೆರೆ ಬೇಕು. ಒಳಗಿನ ಏಕಾಂತವನ್ನು ಕಲಿಯುವವರೆಗೆ ಹೊರಗಿನ ಏಕಾಂತದ ಆಸರೆಯನ್ನು ಪಡೆಯುವುದರಲ್ಲಿ ಲಜ್ಜೆಯಿಲ್ಲ.

ಹೋಗುವುದು ಸರಿಯೆಂದಾದ ಮೇಲೆ ಹೇಗೆ ಹೋಗಬೇಕೆಂಬ ಪ್ರಶ್ನೆ ಬರುತ್ತದೆ. ಸ್ವಂತ ಕಾರಿಲ್ಲದೆ, ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಹೋಗಿ, ಅಲ್ಲಿ ಕಾಲ್ನಡಿಗೆಯಲ್ಲಿ ಓಡಾಡುವುದೇ ಶ್ರೇಯಸ್ಕರವೆಂಬುದು ನನ್ನ ವಿನಮ್ರ ಅಭಿಪ್ರಾಯ. ಇದನ್ನು ಕೇವಲ ಹಣದ ಉಳಿತಾಯದ ಮಾತೆಂದು ತಾವು ಭಾವಿಸಬಾರದು.

ಅಮೆರಿಕದ ಚಿಂತಕ ಹೆನ್ರಿ ಡೇವಿಡ್ ಥೋರೋ 1845ರ ಜುಲೈ 4ರಂದು ಕಾಂಕರ್ಡ್ ಊರಿನ ಬಳಿಯ ವಾಲ್ಡನ್ ಕೊಳದ ದಂಡೆಯ ಗುಡಿಸಲಿಗೆ ಹೋಗಿ, ಎರಡು ವರ್ಷಗಳಿಗೂ ಸ್ವಲ್ಪ ಮಿಗಿಲಾಗಿ ಅಲ್ಲಿ ವಾಸಮಾಡಿದನು. 1854ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಒಂದು ಸ್ವಾರಸ್ಯಕರವಾದ ಲೆಕ್ಕವಿದೆ. ಫಿಚ್‌ಬರ್ಗ್ ಊರು 30 ಮೈಲಿ ದೂರ. ರೈಲಿನ ದರ 90 ಸೆಂಟು, ಹೆಚ್ಚುಕಡಿಮೆ ಒಂದು ದಿನದ ಕೂಲಿ. ತಾನು ಈಗಲೇ ನಡೆಯತೊಡಗಿದರೆ ರಾತ್ರಿಯ ಹೊತ್ತಿಗೆ ಊರು ಮುಟ್ಟುವೆನು. ಗೆಳೆಯನಾದರೋ ಮೊದಲು ದುಡಿದು ದರವನ್ನು ಗಳಿಸಬೇಕು, ಆಮೇಲೆ ರೈಲು ಹತ್ತಬೇಕು. ಆದುದರಿಂದ ನಡೆಯುವವನೇ ಬೇಗ ಹೋಗುವವನೆಂಬುದು ಅವನ ತರ್ಕ. ಅವನ ಕಾಲದ ರೈಲು ಇಂದು ನಮಗೆ ಅಗ್ಗದ ಸಾಧನವಾಗಿದೆ. ಆ ಸ್ಥಾನಕ್ಕೆ ಈಗ ಕಾರು ಬಂದಿದೆ. ಕೆಲಸದ ಒತ್ತಡದಿಂದ ಪಾರಾಗಲೆಂದು ಒಬ್ಬನು ಕಂತಿನ ಮೇಲೆ ಕಾರನ್ನು ಕೊಳ್ಳುತ್ತಾನೆ. ಕಂತು ತೀರಿಸಲು ಐದು ಅಥವಾ ಏಳು ವರ್ಷ ಅದೇ ಒತ್ತಡದ ಕೆಲಸವನ್ನು ಬಿಡುವಂತಿಲ್ಲ. ಬಿಡುಗಡೆಯ ಸಾಧನವೇ ಬಂಧನದ ಸಂಕೋಲೆಯಾದುದು ಆಶ್ಚರ್ಯವಲ್ಲವೆ?

ಇದಕ್ಕಿಂತಲೂ ಮುಖ್ಯವಾದ ಕಾರಣ ಇನ್ನೊಂದಿದೆ. ಕಾರು ಎಂಬುದು ನಮ್ಮ ಮನೆಯ ಒಂದು ಕೋಣೆ. ಅದು ನಮ್ಮೊಡನೆಯೇ ಚಲಿಸುತ್ತದೆ. ಅದರೊಳಗೆ ಗಾಳಿ ನಮ್ಮ ಇಚ್ಛೆಯದು, ಹಾಡು ನಮ್ಮ ಇಚ್ಛೆಯದು, ಹೊರಡುವ ವೇಳೆಯೂ ನಮ್ಮ ಇಚ್ಛೆಯದೇ. ಒಂದು ದಿನದಲ್ಲಿ ಐದು ಸ್ಥಳಗಳನ್ನು ನೋಡಿ ಮುಗಿಸುವ ಆತುರವನ್ನು ಅದು ಹುಟ್ಟಿಸುತ್ತದೆ. ಹೀಗೆ ಹೋದವನು ಹಳ್ಳಿಯನ್ನು ನೋಡುತ್ತಾನೆಯೇ ಹೊರತು ಹಳ್ಳಿಯಲ್ಲಿ ಇರುವುದಿಲ್ಲ. ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿ ಬೆಳಿಗ್ಗೆ ಸಾಗರದಲ್ಲಿಯೋ ತಾಳಗುಪ್ಪದಲ್ಲಿಯೋ ಇಳಿಯುವವನ ಸ್ಥಿತಿಯನ್ನು ಊಹಿಸಿರಿ. ಮುಂದಿನ ಬಸ್ಸು ಎಷ್ಟು ಹೊತ್ತಿಗೆಂದು ಅವನು ಯಾರನ್ನಾದರೂ ಕೇಳಲೇಬೇಕು. ಬಸ್ಸು ತಡವಾದರೆ ಹೋಟೆಲಿನ ಬೆಂಚಿನ ಮೇಲೆ ಕಾಯಲೇಬೇಕು. ಸಂಜೆಯ ಬಸ್ಸು ಹೋದರೆ ಅಂದು ಎಲ್ಲಿಗೂ ಹೋಗುವಂತಿಲ್ಲ. ಇರುವ ಊರಿನಲ್ಲಿಯೇ ಇರಬೇಕು, ಅದನ್ನೇ ನೋಡಬೇಕು. ತನ್ನ ಯಜಮಾನಿಕೆ ಇಲ್ಲಿ ನಡೆಯದೆಂಬ ಅರಿವು ಅವನಿಗೆ ಮೊದಲ ದಿನವೇ ಆಗುತ್ತದೆ. ವಾರವೆಲ್ಲ ಗಡುವುಗಳ ಹಿಂದೆ ಓಡಿದ ಮನಸ್ಸಿಗೆ ಈ ಅರಿವಿಗಿಂತ ದೊಡ್ಡ ವಿಶ್ರಾಂತಿ ಬೇರೊಂದಿಲ್ಲ.

ಸ್ಥಳೀಯರ ದೃಷ್ಟಿಯಿಂದಲೂ ಇದನ್ನು ವಿಚಾರಿಸಬೇಕು. ನೀಲಗಿರಿಗೂ ಕೊಡೈಕೆನಾಲಿಗೂ ಬರುವ ವಾಹನಗಳ ದಟ್ಟಣೆಯನ್ನು ಕಂಡು ಮದ್ರಾಸ್ ಉಚ್ಚ ನ್ಯಾಯಾಲಯವು ಆದೇಶ ನೀಡಿದ ಮೇಲೆ, 2024ರ ಮೇ 7ರಿಂದ ಅಲ್ಲಿಗೆ ಹೋಗುವ ಪ್ರವಾಸಿಗರು ಇ-ಪಾಸ್ ಪಡೆಯುವ ವ್ಯವಸ್ಥೆ ಜಾರಿಗೆ ಬಂದಿತು. ಪ್ರಶಾಂತತೆಯನ್ನು ಅರಸಿ ಬಂದವರೇ ಪ್ರಶಾಂತತೆಯನ್ನು ಕದಡಿದರೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕೆ? ಬಸ್ಸಿನಲ್ಲಿ ಹೋಗುವ ಒಬ್ಬನಿಗಾಗಿ ಹಳ್ಳಿಯ ರಸ್ತೆಯನ್ನು ಅಗಲಮಾಡಬೇಕಾಗಿಲ್ಲ, ಮರವನ್ನು ಕಡಿಯಬೇಕಾಗಿಲ್ಲ. ಅವನ ಟಿಕೆಟ್ಟಿನ ಹಣವಾದರೋ ಆ ಹಳ್ಳಿಯ ಬಸ್ಸು ನಿಲ್ಲದಂತೆ ಕಾಯಲು ಕಿಂಚಿತ್ತಾದರೂ ನೆರವಾಗುತ್ತದೆ.

ಈಗ ಕಠಿಣವಾದ ಮಾತಿಗೆ ಬರೋಣ. ನಾವು ಅರಸಿ ಹೋಗುವ ಮೌನವು ಆ ಊರಿನವರ ಪಾಲಿಗೆ ಕೆಲವೊಮ್ಮೆ ಅಭಾವದ ಇನ್ನೊಂದು ಹೆಸರಾಗಿರುತ್ತದೆ. ಮೇಲೆ ಹೇಳಿದ ಸಾಗರ ತಾಲ್ಲೂಕಿನದೇ ನಿದರ್ಶನವಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ನೀರು ಹರಡಿದಾಗ ಅನೇಕ ಗ್ರಾಮಗಳು ಮುಳುಗಿದುವು. ತುಮರಿ ಸೀಮೆಯ ಹಳ್ಳಿಗಳು ಹಿನ್ನೀರಿನ ಆಚೆಗೆ ಉಳಿದುವು. ನಾಡಿಗೆ ಬೆಳಕು ಕೊಡಲು ನೆಲವನ್ನು ಬಿಟ್ಟುಕೊಟ್ಟವರು ಅವರು. ದಶಕಗಳ ಕಾಲ ಸಾಗರದ ಪೇಟೆಗೂ ಆಸ್ಪತ್ರೆಗೂ ಅವರಿಗೆ ಲಾಂಚೇ ದಾರಿಯಾಗಿತ್ತು. ಅದು ತಪ್ಪಿದರೆ ಬಹುದೂರ ಸುತ್ತಬೇಕಾಗಿತ್ತು. ಪ್ರವಾಸಿಗನಿಗೆ ಆ ಲಾಂಚು ಒಂದು ವಿನೋದ. ನೋವು ತಿನ್ನುವ ಗರ್ಭಿಣಿಯನ್ನು ಕರೆದೊಯ್ಯುವವನಿಗೆ ಅದೊಂದು ಆತಂಕ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ, ಎರಡು ಕಿಲೋಮೀಟರಿಗೂ ಮಿಗಿಲಾದ ಉದ್ದದ ಸೇತುವೆಯು ಉದ್ಘಾಟನೆಯಾಯಿತು. ಆ ಸೇತುವೆಯಿಂದ ಹಿನ್ನೀರಿನ ಸೊಬಗು ಕೆಟ್ಟಿತೆಂದು ನಗರದಿಂದ ಬಂದವನು ಕೊರಗಿದರೆ, ಆ ಕೊರಗು ಎಷ್ಟು ಕ್ರೂರವಾದುದೆಂದು ತಾವೇ ಯೋಚಿಸಿರಿ.

ಹಾಗಾದರೆ ಇನ್ನೊಬ್ಬರ ಊರನ್ನು ನಮ್ಮ ಔಷಧವನ್ನಾಗಿ ಬಳಸಿಕೊಳ್ಳುವುದು ನ್ಯಾಯವೆ? ಅತಿಥಿಯಾಗಿ ಹೋದರೆ ನ್ಯಾಯ. ಗಿರಾಕಿಯಾಗಿ ಹೋದರೆ ಅಲ್ಲ ಎಂಬುದೇ ನನಗೆ ತೋರುವ ಉತ್ತರ. ಗಿರಾಕಿಯು ಹಣ ಕೊಟ್ಟೆನೆಂದು ಮೌನವನ್ನು ಕೇಳುತ್ತಾನೆ, ನೆಟ್‌ವರ್ಕ್ ಕೇಳುತ್ತಾನೆ, ರಾತ್ರಿ ಹತ್ತು ಗಂಟೆಗೆ ಬಿಸಿಯೂಟ ಕೇಳುತ್ತಾನೆ. ಅತಿಥಿಯಾದವನು ಮನೆಯವರು ಉಣ್ಣುವ ಹೊತ್ತಿಗೆ ಉಣ್ಣುತ್ತಾನೆ, ಮಾಡಿದ್ದನ್ನು ಉಣ್ಣುತ್ತಾನೆ, ಬಾವಿಯಲ್ಲಿ ನೀರು ಎಷ್ಟಿದೆಯೆಂದು ನೋಡಿ ಸ್ನಾನಮಾಡುತ್ತಾನೆ. ಹೋಮ್‌ಸ್ಟೇಯ ಬಾಡಿಗೆಯನ್ನು ಚೌಕಾಸಿಯಿಲ್ಲದೆ ಕೊಟ್ಟು, ಹಣಕ್ಕೆ ಅಳೆಯಲಾಗದ ಉಪಕಾರವೂ ಇದರಲ್ಲಿ ಸೇರಿದೆಯೆಂದು ಬಲ್ಲವನಾಗಿರುತ್ತಾನೆ. ಆ ಊರಿಗೆ ರಸ್ತೆ ಬರಲಿ, ಆಸ್ಪತ್ರೆ ಬರಲಿ, ಶಾಲೆಗೆ ಮೇಷ್ಟರು ಬರಲಿ ಎಂದು ಮನಃಪೂರ್ವಕವಾಗಿ ಹಾರೈಸುತ್ತಾನೆ, ಅದರಿಂದ ತನ್ನ ಮೌನವು ಸ್ವಲ್ಪ ಕಡಿಮೆಯಾದರೂ ಸರಿಯೆ.

ಲ್ಯಾಪ್‌ಟಾಪಿನ ವಿಷಯವಾಗಿಯೂ ಒಂದು ಮಾತನ್ನು ಹೇಳಬೇಕು. ಕಚೇರಿಯನ್ನು ಚೀಲದಲ್ಲಿ ಹೊತ್ತುಕೊಂಡು ಹೋದವನು ಮಲೆನಾಡಿನ ಜಗಲಿಯ ಮೇಲೆ ಕುಳಿತರೂ ಬೆಂಗಳೂರಿನಲ್ಲಿಯೇ ಇರುತ್ತಾನೆ. ರಜೆ ಸಿಗದೆ ಕೆಲಸವನ್ನು ಒಯ್ಯಲೇಬೇಕಾದವರು ಅದಕ್ಕೆ ನಿಯತವಾದ ವೇಳೆಯನ್ನು ಗೊತ್ತುಮಾಡಿ, ಅದು ಮುಗಿದೊಡನೆ ಮುಚ್ಚಿಡಲಿ. ಮಾಡುವ ಹೊತ್ತಿನಲ್ಲಿ ಪೂರ್ಣವಾಗಿ ಮಾಡುವುದು, ಬಿಡುವ ಹೊತ್ತಿನಲ್ಲಿ ಪೂರ್ಣವಾಗಿ ಬಿಡುವುದು, ಇವೆರಡೂ ಒಂದೇ ಶಿಸ್ತಿನ ಎರಡು ಮುಖಗಳು. ಬಿಡಲು ಬಾರದವನಿಗೆ ಮಾಡಲೂ ಬಾರದು.

ಹಿರಿಯರಾದ ವಾಚಕರಲ್ಲಿ ಇನ್ನೊಂದು ವಿಜ್ಞಾಪನೆ. ಮಗನು ಒಬ್ಬನೇ ಎರಡು ದಿನ ಎಲ್ಲಿಗೋ ಹೋಗಿಬರುತ್ತೇನೆಂದರೆ ಸುಮ್ಮನಿರುವ ನಾವು, ಅದೇ ಮಾತನ್ನು ಮಗಳೋ ಸೊಸೆಯೋ ಆಡಿದಾಗ ಹುಬ್ಬು ಗಂಟಿಕ್ಕುತ್ತೇವೆ. ದಣಿವಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಕಚೇರಿಯ ಕೆಲಸದೊಡನೆ ಒಲೆಯ ಕೆಲಸವನ್ನೂ ಹೊತ್ತವಳ ದಣಿವು ಇಮ್ಮಡಿಯಾದುದು. 2023ರ ಜೂನ್ 11ರಂದು ನಮ್ಮ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಆರಂಭವಾದ ಮೇಲೆ, ಜೀವಮಾನದಲ್ಲಿ ಮೊದಲ ಬಾರಿಗೆ ತಮ್ಮಿಚ್ಛೆಯಂತೆ ಬಸ್ಸು ಹತ್ತಿದ ಹೆಂಗಸರನ್ನು ನಾವೆಲ್ಲರೂ ಕಂಡಿದ್ದೇವೆ. ಸುರಕ್ಷಿತವಾದ ಮನೆಯನ್ನು ವಿಚಾರಿಸಿ ಗೊತ್ತುಮಾಡುವುದು, ಹಗಲಿನಲ್ಲಿಯೇ ತಲಪುವಂತೆ ಹೊರಡುವುದು, ಹೋದ ಸ್ಥಳವನ್ನು ಮನೆಯವರಿಗೆ ತಿಳಿಸುವುದು, ಈ ಎಚ್ಚರಿಕೆಗಳು ಇರಲಿ. ಇವು ಗಂಡಸರಿಗೂ ಹಿತವೇ. ಆದರೆ ಎಚ್ಚರಿಕೆಯ ಹೆಸರಿನಲ್ಲಿ ಬಾಗಿಲು ಹಾಕುವುದು ಬೇಡ.

ಎಲ್ಲರಿಗೂ ಎಲ್ಲ ಕಾಲದಲ್ಲಿಯೂ ವಾಹನವು ವರ್ಜ್ಯವೆಂದು ನಾನು ವಾದಿಸುವುದಿಲ್ಲ. ನಡೆಯಲಾರದ ವೃದ್ಧರಿಗೆ, ಅಂಗವಿಕಲರಿಗೆ, ಕೂಸನ್ನು ಎತ್ತಿಕೊಂಡ ತಾಯಿಗೆ ಕಾರು ಅನುಕೂಲವಷ್ಟೇ ಅಲ್ಲ, ಕೆಲವೊಮ್ಮೆ ಅದೊಂದೇ ದಾರಿ. ಬಸ್ಸೇ ಇಲ್ಲದ ಊರುಗಳೂ ಇವೆ. ಶಕ್ತರಾದವರು, ಒಬ್ಬರೇ ಹೋಗುವಾಗ, ನಾಲ್ಕು ಜನರ ಆಸನವನ್ನು ಖಾಲಿಯಾಗಿ ಎಳೆದುಕೊಂಡು ಹೋಗುವುದರ ಔಚಿತ್ಯವನ್ನು ವಿಚಾರಿಸಲಿ ಎಂದಷ್ಟೇ ನನ್ನ ಬಿನ್ನಹ.

ನಮ್ಮ ವಾಚಕರಲ್ಲಿ ಅನೇಕರು ಬಾಲ್ಯದಲ್ಲಿ ಒಂದು ಟ್ರಂಕನ್ನು ಹೊತ್ತು, ಬಸ್ಸಿನಿಂದಿಳಿದು, ಮಠದ ಪ್ರಸಾದ ನಿಲಯದ ಬಾಗಿಲಿಗೆ ಬಂದವರು. ಗಂಟೆಯ ಸದ್ದಿಗೆ ಎದ್ದು, ಪಂಕ್ತಿಯಲ್ಲಿ ಕುಳಿತು, ಬಡಿಸಿದ್ದನ್ನು ಉಂಡವರು. ತನ್ನದಲ್ಲದ ಮನೆಯಲ್ಲಿ ತನ್ನವರಂತೆ ಇರುವ ವಿದ್ಯೆಯನ್ನು ತಾವು ಆಗಲೇ ಕಲಿತಿದ್ದೀರಿ. ಅತಿಥಿಧರ್ಮವೆಂದು ನಾನು ಮೇಲೆ ಹೇಳಿದುದು ಅದನ್ನೇ. ಅದನ್ನು ನಗರದ ನಮ್ಮ ಮಕ್ಕಳಿಗೆ ಕಲಿಸುವ ಹೊಣೆ ತಮ್ಮ ಮೇಲಿದೆ.

ಕೊನೆಯದಾಗಿ, ಏಕಾಂತದ ಪರೀಕ್ಷೆ ನಡೆಯುವುದು ಏಕಾಂತದಲ್ಲಲ್ಲ, ಹಿಂದಿರುಗಿದ ಮೇಲೆ. ಥೋರೋ ಸಹ 1847ರ ಸೆಪ್ಟೆಂಬರಿನಲ್ಲಿ ಕೊಳದ ದಂಡೆಯನ್ನು ಬಿಟ್ಟು ಜನರ ನಡುವೆ ಬಂದನು. ಹೋಗಿಬಂದವನು ಮನೆಯವರ ಮಾತನ್ನು ಮೊದಲಿಗಿಂತ ಸಾವಧಾನವಾಗಿ ಕೇಳುವನೆ, ಸಂಜೆಯಾದೊಡನೆ ಲ್ಯಾಪ್‌ಟಾಪನ್ನು ಮುಚ್ಚಬಲ್ಲನೆ, ತಡವಾಗಿ ಬಂದ ಬಸ್ಸನ್ನು ಶಪಿಸದೆ ಕಾಯಬಲ್ಲನೆ ಎಂಬುದನ್ನು ನೋಡಬೇಕು. ಹಾಗಾಗಿದ್ದರೆ ಅವನು ಹಳ್ಳಿಯಿಂದ ಏನನ್ನೋ ತಂದಿದ್ದಾನೆ; ಇಲ್ಲವಾದರೆ ಕೇವಲ ಹೋಗಿಬಂದಿದ್ದಾನೆ. ದಣಿದ ನಮ್ಮ ಮಕ್ಕಳಿಗೆ ಅಂಥ ಸಾರ್ಥಕವಾದ ವಿಶ್ರಾಂತಿಯು ಲಭಿಸಲಿ. ಅವರನ್ನು ಬರಮಾಡಿಕೊಂಡ ಊರುಗಳಿಗೂ ಒಳಿತಾಗಲಿ.