ಸೋಲ್ತೀವಿ ಅಂತ ಗೊತ್ತಾದ ಮೇಲೂ

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಬರೋ ವರ್ಷ, ಮಾರ್ಚ್ ತಿಂಗಳು ದಾಟುವಷ್ಟರಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತೆ: "ಆಯ್ತಲ್ಲ, ಇನ್ನು ಸಾಕು. ಪಕ್ಷದ ಹಿತಕ್ಕಾಗಿ ಕಣದಿಂದ ಹಿಂದೆ ಸರೀರಿ." ಪ್ರೈಮರಿಯಲ್ಲಿ ಹಿಂದೆ ಬಿದ್ದ ಅಭ್ಯರ್ಥಿಗೆ ಹೀಗೆ ಹೇಳೋರು ಹೆಚ್ಚಿನ ಸಲ ಮುಂದಿರೋರ ಕಡೆಯವರೇ ಆಗಿರ್ತಾರೆ. ಹಾಗಂತ ಮಾತನ್ನ ತಳ್ಳಿಹಾಕೋಕಾಗಲ್ಲ. ಹೇಳೋನಿಗೆ ಲಾಭ ಇದೆ ಅನ್ನೋ ಒಂದೇ ಕಾರಣಕ್ಕೆ ಹೇಳಿದ್ದು ತಪ್ಪಾಗಲ್ಲವಲ್ಲ. ಅದಕ್ಕೇ ಪ್ರಶ್ನೆಯನ್ನ ನೇರವಾಗಿ ಕೇಳ್ಕೊಳ್ಳೋಣ. ಗೆಲ್ಲೋದು ಹೆಚ್ಚೂಕಮ್ಮಿ ಅಸಾಧ್ಯ ಅಂತ ಗೊತ್ತಾದ ಮೇಲೂ ಕಣದಲ್ಲಿ ಉಳಿಯೋದು ಸರೀನಾ? ಹಠಾನಾ? ಅಥವಾ ಇನ್ನೇನಾದ್ರೂನಾ?

ನನ್ನ ತಲೆಗೆ ಇದು ಹತ್ತಿದ್ದು 2008ರಲ್ಲಿ, ಹಿಲರಿ ಕ್ಲಿಂಟನ್ ಮತ್ತು ಬರಾಕ್ ಒಬಾಮ ಡೆಮಾಕ್ರಾಟಿಕ್ ಪಕ್ಷದ ಟಿಕೆಟ್‌ಗೆ ಸೆಣಸಿದ ವರ್ಷ. ಫೆಬ್ರವರಿ 5ರ 'ಸೂಪರ್ ಟ್ಯೂಸ್‌ಡೇ' ದಿನ ಇಬ್ಬರೂ ಸರಿಸಮ. ಆ ತಿಂಗಳಲ್ಲಿ ಉಳಿದ ಪೈಪೋಟಿಗಳನ್ನೆಲ್ಲ ಒಬಾಮ ಗೆದ್ದುಬಿಟ್ಟರು. ಡೆಲಿಗೇಟ್‌ಗಳ ಲೆಕ್ಕದಲ್ಲಿ ನೂರಕ್ಕೂ ಹೆಚ್ಚಿನ ಅಂತರ ಬಿತ್ತು. ನೂರು ಅಂದ್ರೆ ಕೇಳೋಕೆ ಸಣ್ಣದು. ಆದರೆ ಡೆಮಾಕ್ರಾಟಿಕ್ ಪಕ್ಷದ ನಿಯಮದಲ್ಲಿ ರಾಜ್ಯ ಗೆದ್ದವರಿಗೆ ಆ ರಾಜ್ಯದ ಡೆಲಿಗೇಟ್‌ಗಳೆಲ್ಲ ಸಿಗಲ್ಲ, ಮತದ ಪ್ರಮಾಣಕ್ಕೆ ತಕ್ಕಂತೆ ಹಂಚಿಕೆಯಾಗುತ್ತೆ. ಟೆಕ್ಸಸ್ ಪ್ರೈಮರಿಯನ್ನ ಹಿಲರಿ ಗೆದ್ದರು, ಕಾಕಸ್ ಲೆಕ್ಕವೂ ಸೇರಿ ಹೆಚ್ಚು ಡೆಲಿಗೇಟ್ ಸಿಕ್ಕಿದ್ದು ಮಾತ್ರ ಒಬಾಮಗೆ. ಮೇ 13ರಂದು ವೆಸ್ಟ್ ವರ್ಜೀನಿಯಾದಲ್ಲಿ ಹಿಲರಿ 41 ಶೇಕಡಾ ಅಂಕಗಳ ಅಂತರದಿಂದ ಗೆದ್ದರು. ನಮ್ಮ ಕಡೆ ಆಗಿದ್ರೆ ಎದುರಾಳಿಯ ಠೇವಣಿ ಹೋಯ್ತಾ ಅಂತ ಕೇಳ್ತಿದ್ರು. ಅಷ್ಟು ದೊಡ್ಡ ಗೆಲುವಿನಿಂದ ಅವರಿಗೆ ದಕ್ಕಿದ ನಿವ್ವಳ ಲಾಭ ಹನ್ನೆರಡು ಡೆಲಿಗೇಟ್.

ಅಂದ್ರೆ ಗಣಿತ ಮುಗಿದಿತ್ತಾ? ಪೂರ್ತಿ ಇಲ್ಲ, ತಮಾಷೆ ಇರೋದೇ ಅಲ್ಲಿ. ಸುಮಾರು 800 ಮಂದಿ ಸೂಪರ್ ಡೆಲಿಗೇಟ್‌ಗಳಿದ್ದರು. ಸಂಸದರು, ಗವರ್ನರ್‌ಗಳು, ಪಕ್ಷದ ದೊಡ್ಡ ತಲೆಗಳು, ಯಾರಿಗೆ ಬೇಕಾದ್ರೂ ಮತ ಹಾಕಬಹುದಾದವರು. ಅವರ ನೆರವಿಲ್ಲದೆ ಒಬಾಮಗೂ ಬಹುಮತ ಬರ್ತಿರಲಿಲ್ಲ. ಹಾಗಾಗಿ ಹಿಲರಿ 'ಹಿಂದಿದ್ದರು', ಇನ್ನೂ 'ಸೋತಿರಲಿಲ್ಲ'. ಮಾರ್ಚ್ ಕೊನೆಯಲ್ಲಿ ಒಬಾಮ ಬೆಂಬಲಿಗ, ವರ್ಮಾಂಟ್‌ನ ಸೆನೆಟರ್ ಪ್ಯಾಟ್ರಿಕ್ ಲೇಹಿ, ಹಿಲರಿ ಹಿಂದೆ ಸರೀಬೇಕು ಅಂತ ಬಹಿರಂಗವಾಗೇ ಹೇಳಿದಾಗ ಇನ್ನೂ ಹತ್ತು ಕಡೆ ಮತದಾನ ಬಾಕಿ ಇತ್ತು.

ಬಾಕಿ ಇದ್ದವುಗಳಲ್ಲಿ ಇಂಡಿಯಾನಾ ಒಂದು. ಮೊದಲ ಆನ್‌ಸೈಟ್ ಅಂತ ನಾನು ಆಗ ಇದ್ದಿದ್ದು ಇಂಡಿಯಾನಾಪೊಲಿಸ್‌ನಲ್ಲೇ. ನಮ್ಮ ಟೀಮಿನಲ್ಲಿ ಐವತ್ತು ದಾಟಿದ ಒಬ್ಬ ಟೆಸ್ಟರ್ ಇದ್ದರು, ಅಲ್ಲೇ ಹುಟ್ಟಿ ಬೆಳೆದವರು. ಅವರ ರಾಜ್ಯದಲ್ಲಿ ಪ್ರೈಮರಿ ನಡೆಯೋದು ಮೇ ತಿಂಗಳಲ್ಲಿ. ಅಷ್ಟರಲ್ಲಿ ಸಾಮಾನ್ಯವಾಗಿ ಎಲ್ಲ ತೀರ್ಮಾನ ಆಗಿಹೋಗಿರುತ್ತೆ. 1968ರಲ್ಲಿ ರಾಬರ್ಟ್ ಕೆನಡಿ ಬಂದಿದ್ದು ಬಿಟ್ರೆ ಆ ಪಕ್ಷದ ಪೈಪೋಟಿಯಲ್ಲಿ ಇಂಡಿಯಾನಾದ ಮತಕ್ಕೆ ಬೆಲೆ ಬಂದಿದ್ದೇ ಇಲ್ಲ. "ಮೂವತ್ತು ವರ್ಷದಿಂದ ಊಟ ಮುಗಿದ ಮೇಲೆ ನಮ್ಮನ್ನ ಕರೀತಾರೆ. ಈ ಸಲ ಎಲೆ ಹಾಕೋಕೆ ಮುಂಚೆ ಕರೆದಿದ್ದಾರೆ, ಈಗ ಟಿವಿಯೋರು ಊಟ ಬೇಡ ಅಂತಿದ್ದಾರೆ" ಅಂತ ನಗಾಡಿದ್ರು. (ಎಲೆ ಅನ್ನೋದು ನನ್ನ ಅನುವಾದ. ಅವರು ಹೇಳಿದ್ದು ಪ್ಲೇಟ್.)

ಆ ಸಲ ಇಂಡಿಯಾನಾದ ಡೆಮಾಕ್ರಾಟಿಕ್ ಪ್ರೈಮರಿಯಲ್ಲಿ ಮತ ಹಾಕಿದವರು 12 ಲಕ್ಷಕ್ಕೂ ಹೆಚ್ಚು. ಹಿಲರಿ ಸುಮಾರು 14 ಸಾವಿರ ಮತಗಳಿಂದ ಗೆದ್ದರು, ಅದರಿಂದ ಏನೂ ಬದಲಾಗಲಿಲ್ಲ. ನವೆಂಬರ್‌ನಲ್ಲಿ ಅದೇ ಇಂಡಿಯಾನಾವನ್ನ ಒಬಾಮ ಗೆದ್ದರು, ಸುಮಾರು 28 ಸಾವಿರ ಮತಗಳ ಅಂತರದಲ್ಲಿ. 1964ರ ನಂತರ ಡೆಮಾಕ್ರಾಟಿಕ್ ಪಕ್ಷದ ಯಾರೂ ಅಲ್ಲಿ ಗೆದ್ದಿರಲಿಲ್ಲ. ನಾರ್ತ್ ಕೆರೊಲಿನಾದಲ್ಲೂ ಹಾಗೇ, 1976ರ ನಂತರ ಅದೇ ಮೊದಲು. ಹಿಲರಿ ಮಾರ್ಚ್‌ನಲ್ಲೇ ಬಿಟ್ಟುಹೋಗಿದ್ರೆ ಒಬಾಮ ಆ ರಾಜ್ಯಗಳಲ್ಲಿ ಆಫೀಸು ತೆರೆದು, ಕಾರ್ಯಕರ್ತರನ್ನ ಕಟ್ಟಿ, ಹೊಸ ಮತದಾರರನ್ನ ಪಟ್ಟಿಗೆ ಸೇರಿಸ್ತಿದ್ದರಾ? ಗೆಲುವಿಗೆ ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಆ ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳು ಮುಳುಗಿದ್ದು, ಬುಷ್ ಮೇಲಿನ ಸಿಟ್ಟು, ಪಕ್ಕದ ಇಲಿನಾಯ್ ಒಬಾಮರ ಸ್ವಂತ ರಾಜ್ಯ ಆಗಿದ್ದು, ಎಲ್ಲ ಸೇರಿತ್ತು. ಆದರೆ 'ಪೈಪೋಟಿ ಉದ್ದ ಆದ್ರೆ ಪಕ್ಷ ಹಾಳಾಗುತ್ತೆ' ಅನ್ನೋ ಮಾತನ್ನ ಕಣ್ಣುಮುಚ್ಚಿ ನಂಬೋಕೆ ಆಮೇಲೆ ನನ್ನಿಂದ ಆಗಿಲ್ಲ. 1980ರಲ್ಲಿ ಎಡ್ವರ್ಡ್ ಕೆನಡಿ ಅಧಿವೇಶನದ ತನಕ ಕಾರ್ಟರ್ ಜತೆ ಗುದ್ದಾಡಿದರು, ಕಾರ್ಟರ್ ರೇಗನ್‌ಗೆ ಸೋತರು, ನಿಜ. ಅದೇ ರೇಗನ್ 1976ರಲ್ಲಿ ಸಾಲುಸಾಲಾಗಿ ಸೋತು, 'ಬಿಟ್ಟುಬಿಡಿ' ಅಂತ ಹೇಳಿಸಿಕೊಂಡೂ ಬಿಡದೆ, ನಾರ್ತ್ ಕೆರೊಲಿನಾದಿಂದ ಎದ್ದು ನಿಂತು ಫೋರ್ಡ್ ವಿರುದ್ಧ ಅಧಿವೇಶನದವರೆಗೂ ಹೋದವರು. ಅವತ್ತು ಮನೆಗೆ ಹೋಗಿದ್ರೆ 1980ರ ರೇಗನ್ ಇರ್ತಿದ್ರೋ ಇಲ್ವೋ.

ಉಳಿಯೋ ಹಕ್ಕಿದೆ ಅಂತ ಒಪ್ಪಿದ ಮೇಲೆ, ಉಳಿದು ಏನು ಮಾಡ್ತೀರಿ ಅನ್ನೋ ಪ್ರಶ್ನೆ ಇದ್ದೇ ಇದೆ. ನನಗೆ ಗಂಭೀರ ಅನ್ನಿಸೋದು ಇದು. 2008ರ ಮಾರ್ಚ್‌ನಲ್ಲಿ ಹಿಲರಿ ಒಂದು ಮಾತು ಆಡಿದರು. ಸೇನೆಯ ದಂಡನಾಯಕರಾಗೋ ಅರ್ಹತೆ ನನಗಿದೆ, ಎದುರು ಪಕ್ಷದ ಮೆಕೇನ್‌ಗೂ ಇದೆ, ಒಬಾಮ ಬಗ್ಗೆ ಅವರನ್ನೇ ಕೇಳಿ ಅನ್ನೋ ಅರ್ಥದ್ದು. ಗೆಲ್ಲೋ ದಾರಿ ದೊಡ್ಡದಾಗಿ ತೆರೆದಿರೋವಾಗ ಇಂಥ ಮಾತು ಆಡೋದು ಬೇರೆ. ದಾರಿ ಮುಚ್ಚಿಕೊಳ್ತಾ ಬಂದಿರೋವಾಗ, ನಾಳೆ ಯಾರ ಪರ ಮತ ಕೇಳೋಕೆ ನೀವೇ ವೇದಿಕೆ ಹತ್ತಬೇಕೋ ಅವರ ಬಗ್ಗೆ ಎದುರು ಪಕ್ಷಕ್ಕೆ ಪೋಸ್ಟರ್ ಬರೆದುಕೊಡೋದು ಬೇರೆ. ನನ್ನ ಪ್ರಕಾರ ಹಿಂದಿರೋ ಅಭ್ಯರ್ಥಿಗೆ ಕಣ ಬಿಡೋ ಕರ್ತವ್ಯ ಇಲ್ಲ. ಆದರೆ ಸೋಲೋ ಸಂಭವ ಹೆಚ್ಚಾದಷ್ಟೂ ಆಡೋ ಮಾತನ್ನ ತೂಗಬೇಕಾದ ಕರ್ತವ್ಯ ಹೆಚ್ಚಾಗುತ್ತೆ. ಯಾಕಂದ್ರೆ ಆ ಮಾತಿನಿಂದ ಅವರಿಗೆ ಸಿಗೋ ಲಾಭ ಕಮ್ಮಿ ಆಗ್ತಾ ಬರುತ್ತೆ, ಉಳಿದವರಿಗೆ ಆಗೋ ನಷ್ಟ ಹಾಗೇ ಇರುತ್ತೆ. ಮುಂದೆ ಒಬಾಮ ಹಿಲರಿಯನ್ನೇ ವಿದೇಶಾಂಗ ಸಚಿವೆ ಮಾಡಿಕೊಂಡರು ಅನ್ನೋದು ಅವರ ದೊಡ್ಡ ಮನಸ್ಸೋ ಲೆಕ್ಕಾಚಾರವೋ, ಅದು ಬೇರೆ ವಿಷಯ.

ಇನ್ನೊಂದು ಕರ್ತವ್ಯ ತಮ್ಮವರಿಗೇ ಸಲ್ಲಬೇಕಾದದ್ದು. ಕಾರ್ಪೊರೇಟ್ ಲೋಕದಲ್ಲಿ ಇರೋರಿಗೆ ಇದನ್ನ ವಿವರಿಸಬೇಕಿಲ್ಲ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಪ್ರಾಜೆಕ್ಟ್ ಮುಚ್ಚೋದು ಅಂತ ಮೇಲಿನವರಿಗೆ ತಿಂಗಳುಗಳ ಮುಂಚೆ ಗೊತ್ತಿತ್ತು. ನಾವು ಶನಿವಾರ ಭಾನುವಾರ ಕೂತು ಬಗ್ ಫಿಕ್ಸ್ ಮಾಡ್ತಿದ್ವಿ, ಟೀಮಿನ ಒಬ್ಬ ತನ್ನ ತಂಗಿಯ ನಿಶ್ಚಿತಾರ್ಥಕ್ಕೂ ಹೋಗಲಿಲ್ಲ. ಕೊನೆಗೆ ಒಂದು ಮೇಲ್ ಬಂತು, ಅಷ್ಟೇ. ಪ್ರಚಾರದಲ್ಲಿ ಮನೆಮನೆ ಬಾಗಿಲು ತಟ್ಟೋ ಹುಡುಗರು, ಇಪ್ಪತ್ತು ಡಾಲರ್ ಕಳಿಸೋ ನಿವೃತ್ತ ಟೀಚರು, ಇವರಿಗೆ ಗೆಲ್ಲೋ ಸಾಧ್ಯತೆ ನಿಜವಾಗಿ ಎಷ್ಟಿದೆ ಅಂತ ಹೇಳಿ ಕೆಲಸ ತಗೊಂಡ್ರೆ ತೊಂದರೆ ಇಲ್ಲ. ಗೊತ್ತಿದ್ದೂ ದುಡಿಯೋ ಜನ ಬೇಕಾದಷ್ಟಿದ್ದಾರೆ. ಸುಳ್ಳು ಗ್ರಾಫ್ ತೋರಿಸಿ ದುಡ್ಡು ಎತ್ತಿದ್ರೆ ಅದು ಮೋಸ. 2008ರಲ್ಲೇ ರಿಪಬ್ಲಿಕನ್ ಕಡೆ ಮೈಕ್ ಹಕಬಿ, ನಾನು ಓದಿದ್ದು ಗಣಿತ ಅಲ್ಲ, ಪವಾಡ ಅಂತ ನಗುನಗ್ತಾ ಹೇಳಿ ಮಾರ್ಚ್ 4ರ ತನಕ ಉಳಿದರು. ನನಗೆ ಅದು ಒಂಥರಾ ಪ್ರಾಮಾಣಿಕವಾಗೇ ಕಾಣುತ್ತೆ. ಹಿಲರಿ ತಮ್ಮ ಕೈಯಿಂದಲೇ ಒಂದು ಕೋಟಿ ಡಾಲರ್‌ಗೂ ಹೆಚ್ಚು ಸಾಲ ಕೊಟ್ಟು ಪ್ರಚಾರ ನಡೆಸಿದ್ದು ಕೂಡ. ಶ್ರೀಮಂತರಿಗೆ ಮಾತ್ರ ಸಾಧ್ಯ ಅನ್ನಿ, ಆದರೆ ಪಂದ್ಯಕ್ಕೆ ಕಟ್ಟಿದ್ದು ಬೇರೆಯವರ ಗಂಟನ್ನಷ್ಟೇ ಅಲ್ಲ.

ಇಲ್ಲಿಯವರೆಗೆ ಇಬ್ಬರ ಪೈಪೋಟಿ. ಕಣದಲ್ಲಿ ಐದಾರು ಜನ ಇದ್ರೆ ಲೆಕ್ಕ ತಲೆಕೆಳಗಾಗುತ್ತೆ. 2016ರ ರಿಪಬ್ಲಿಕನ್ ಪ್ರೈಮರಿ ನೋಡಿ. ಸೌತ್ ಕೆರೊಲಿನಾದಲ್ಲಿ ಟ್ರಂಪ್ ಪಡೆದದ್ದು ಮೂರನೇ ಒಂದು ಭಾಗದಷ್ಟು ಮತ, ಆದರೆ ಆ ಪಕ್ಷದ ನಿಯಮದಂತೆ ಅಲ್ಲಿನ 50 ಡೆಲಿಗೇಟ್‌ಗಳೂ ಅವರಿಗೇ. ರೂಬಿಯೊ, ಕ್ರೂಜ್, ಕೇಸಿಕ್, ಒಬ್ಬೊಬ್ಬರೂ ಇನ್ನೊಬ್ಬರು ಹೋಗಲಿ ಅಂತ ಕಾಯ್ತಾ ಕೂತರು. ಸ್ವಂತ ರಾಜ್ಯ ಒಹಾಯೊ ಒಂದನ್ನೇ ಗೆದ್ದ ಕೇಸಿಕ್, ಕ್ರೂಜ್ ಬಿಟ್ಟ ಮರುದಿನದ ತನಕ ಉಳಿದರು. 2020ರಲ್ಲಿ ಡೆಮಾಕ್ರಾಟರು ಈ ಪಾಠ ಕಲಿತ ಹಾಗೆ ನಡಕೊಂಡರು. ಫೆಬ್ರವರಿ 29ಕ್ಕೆ ಬೈಡನ್ ಸೌತ್ ಕೆರೊಲಿನಾ ಗೆದ್ದರು, ಮಾರ್ಚ್ 1ಕ್ಕೆ ಬುಟಿಜೆಜ್ ಬಿಟ್ಟರು, ಮಾರ್ಚ್ 2ಕ್ಕೆ ಕ್ಲೋಬುಷಾರ್ ಬಿಟ್ಟರು, 3ನೇ ತಾರೀಕು ಸೂಪರ್ ಟ್ಯೂಸ್‌ಡೇ. ಅಷ್ಟು ದಿನ ಮುಂದಿದ್ದ ಬರ್ನಿ ಸ್ಯಾಂಡರ್ಸ್ ಒಂದೇ ರಾತ್ರಿಯಲ್ಲಿ ಹಿಂದೆ ಬಿದ್ದರು.

ತಂತ್ರ ಅಂತ ನೋಡಿದ್ರೆ ಸೊಗಸಾದದ್ದು. ಆದರೆ ಕ್ಯಾಲಿಫೋರ್ನಿಯಾದಲ್ಲಿ ವಾರಗಳ ಮುಂಚೆಯೇ ಅಂಚೆಯಲ್ಲಿ ಮತ ಕಳಿಸಿದವರು ಎಷ್ಟೋ ಜನ ಇದ್ದರು. ಬುಟಿಜೆಜ್‌ಗೆ, ಕ್ಲೋಬುಷಾರ್‌ಗೆ ಅವರು ಹಾಕಿದ ಮತ ಎಣಿಕೆ ಆಗೋ ಹೊತ್ತಿಗೆ ಹೆಸರಿನವರೇ ಕಣದಲ್ಲಿರಲಿಲ್ಲ. 'ಉಳಿದರೆ ಪಕ್ಷಕ್ಕೆ ನಷ್ಟ' ಅಂತ ಹೇಳೋರು 'ಬಿಟ್ಟರೆ ಮತದಾರನಿಗೆ ನಷ್ಟ' ಅನ್ನೋದನ್ನ ಯಾವ ಕಾಲಂನಲ್ಲೂ ಬರೆಯಲ್ಲ.

ಉಲ್ಟಾ ಉದಾಹರಣೆಯೂ ಅದೇ ವರ್ಷ ಸಿಗುತ್ತೆ. ಏಪ್ರಿಲ್ 7ರಂದು ಕೊರೊನಾ ನಡುವೆ ವಿಸ್ಕಾನ್ಸಿನ್‌ನಲ್ಲಿ ಮತದಾನ. ಮಿಲ್ವಾಕಿ ನಗರದಲ್ಲಿ ಸುಮಾರು 180 ಮತಗಟ್ಟೆ ಇರಬೇಕಾದ ಕಡೆ ತೆರೆದದ್ದು ಬರೀ ಐದು. ಜನ ಮಾಸ್ಕ್ ಹಾಕ್ಕೊಂಡು ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. ಮರುದಿನ ಸ್ಯಾಂಡರ್ಸ್ ಕಣದಿಂದ ಹಿಂದೆ ಸರಿದರು. ಮತದಾನ ಮುಂದೂಡಿ ಅಂತ ಅವರೇ ಕೇಳಿದ್ದರು, ಅದೇ ದಿನ ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಾಧೀಶರ ಚುನಾವಣೆಯೂ ಇತ್ತು, ಎಲ್ಲ ಸರಿ. ಆದರೂ ಎರಡು ದಿನ ಮುಂಚೆ ಹೇಳಿದ್ದಿದ್ರೆ ಆ ಸಾಲಿನಲ್ಲಿ ಒಂದಿಷ್ಟು ಜನ ಕಮ್ಮಿ ಇರ್ತಿದ್ದರು. ಉಳಿಯೋ ಹಕ್ಕಿಗೆ ನಾನು ಒಪ್ಪೋ ಮಿತಿ ಇದು. ನಿಮ್ಮ ಹಠದ ಬೆಲೆಯನ್ನ ಬೇರೆ ಯಾರೋ ಮೈಮೇಲೆ ಹೊತ್ಕೊಳ್ಳೋ ಹಾಗಿದ್ರೆ ಲೆಕ್ಕ ಬೇರೆ.

ಇಷ್ಟಾದ್ರೂ ನಾನು ಯಾಕೆ 'ಉಳೀಲಿ' ಅನ್ನೋ ಕಡೆಗೇ ವಾಲ್ತೀನಿ ಅಂದ್ರೆ, ಬೆಳೆದ ಜಾಗದ ಪ್ರಭಾವ ಇರಬೇಕು. ನಮ್ಮೂರಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಬಂದ್ರೆ ಊರ ದೊಡ್ಡೋರು ಅರಳಿಕಟ್ಟೆ ಮೇಲೆ ಕೂತು 'ಅವಿರೋಧ ಆಯ್ಕೆ ಮಾಡ್ಕೊಳ್ಳೋಣ, ಊರಿನ ಒಗ್ಗಟ್ಟು ಕೆಡೋದು ಬೇಡ' ಅಂತಿದ್ರು. ಮಾತು ಚೆನ್ನಾಗೇ ಇದೆ. ಆದರೆ ನಾಮಪತ್ರ ವಾಪಸ್ ತಗೋ ಅಂತ ಹೇಳಿಸಿಕೊಳ್ತಿದ್ದೋನು ಯಾವಾಗ್ಲೂ ಜಮೀನಿಲ್ಲದೋನು, ಇಲ್ಲಾ ಕೆಳಗಿನ ಕೇರಿಯೋನು. ದೊಡ್ಡಮನೆಯವರಿಗೆ ಯಾರೂ ಒಗ್ಗಟ್ಟಿನ ಪಾಠ ಹೇಳಿದ್ದು ನಾನು ನೋಡಿಲ್ಲ.

ಅಮೆರಿಕದಲ್ಲೂ 1972ರಲ್ಲಿ ಶರ್ಲಿ ಚಿಸಮ್ ಅನ್ನೋ ಕಪ್ಪು ಮಹಿಳೆ ಅಧ್ಯಕ್ಷರ ಟಿಕೆಟ್ ಕೇಳಿದಾಗ ಗೆಲ್ಲಲ್ಲ ಅಂತ ಅವರಿಗೂ ಗೊತ್ತಿತ್ತು, ಆದರೂ ಅಧಿವೇಶನದ ತನಕ ಹೋದರು. 1988ರಲ್ಲಿ ಜೆಸ್ಸಿ ಜಾಕ್ಸನ್ ಸುಮಾರು 70 ಲಕ್ಷ ಮತ ಪಡೆದೂ ಡುಕಾಕಿಸ್‌ಗಿಂತ ಹಿಂದೆ ಉಳಿದರು. ಬಿಡಲಿಲ್ಲ. ಡೆಲಿಗೇಟ್‌ಗಳನ್ನ ಕೈಯಲ್ಲಿಟ್ಕೊಂಡು ಪಕ್ಷದ ಜತೆ ಚೌಕಾಸಿಗೆ ಕೂತರು. ಅವರು ಕೇಳಿದ್ದು ಸಪ್ಪೆ ಅನ್ನಿಸೋ ಒಂದು ತಾಂತ್ರಿಕ ವಿಷಯ: ಗೆದ್ದವರಿಗೇ ಎಲ್ಲ ಅನ್ನೋ ಪದ್ಧತಿ ಬೇಡ, ಡೆಲಿಗೇಟ್‌ಗಳನ್ನ ಮತದ ಪ್ರಮಾಣದಲ್ಲಿ ಹಂಚಿ. ಪಕ್ಷ ಒಪ್ಪಿತು. ಇಪ್ಪತ್ತು ವರ್ಷ ಆದ ಮೇಲೆ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ದೊಡ್ಡ ರಾಜ್ಯಗಳನ್ನ ಹಿಲರಿ ಗೆದ್ದರೂ ಒಬಾಮ ಮುಂದೆ ಉಳಿಯೋಕೆ ಸಾಧ್ಯ ಆಗಿದ್ದು ಈ ಹಂಚಿಕೆಯಿಂದಲೇ. ಸ್ಯಾಂಡರ್ಸ್ 2016ರಲ್ಲಿ ಜುಲೈವರೆಗೂ ಎಳೆದರು ಅಂತ ಬೈಸಿಕೊಂಡರಲ್ಲ, ಅದರ ಫಲವಾಗಿ 2018ರಲ್ಲಿ ಸೂಪರ್ ಡೆಲಿಗೇಟ್‌ಗಳಿಗೆ ಪೈಪೋಟಿ ಇದ್ದಾಗ ಮೊದಲ ಸುತ್ತಿನಲ್ಲಿ ಮತ ಹಾಕೋ ಅಧಿಕಾರವೇ ಹೋಯ್ತು.

ಬಿಟ್ಟುಹೋದರೆ ಏನಾಗುತ್ತೆ ಅನ್ನೋದಕ್ಕೂ 2020ರದ್ದೇ ಒಂದು ಕೇಸ್ ಇದೆ. ಸ್ಯಾಂಡರ್ಸ್ ಹಿಂದೆ ಸರಿಯೋವಾಗ, ಉಳಿದ ರಾಜ್ಯಗಳ ಮತಪತ್ರದಲ್ಲಿ ನನ್ನ ಹೆಸರು ಇರಲಿ, ಡೆಲಿಗೇಟ್ ಸಿಕ್ಕಷ್ಟು ಸಿಗಲಿ ಅಂದಿದ್ದರು. ನ್ಯೂಯಾರ್ಕ್‌ನ ಚುನಾವಣಾ ಮಂಡಳಿ ಏಪ್ರಿಲ್ ಕೊನೆಯಲ್ಲಿ, ಸೋಂಕಿನ ಕಾಲ, ಪೈಪೋಟಿಯೂ ಮುಗಿದಿದೆ ಅಂತ ಅಧ್ಯಕ್ಷೀಯ ಪ್ರೈಮರಿಯನ್ನೇ ರದ್ದು ಮಾಡಿತು. ಕೋರ್ಟಿಗೆ ಹೋದವರು ಆ್ಯಂಡ್ರೂ ಯಾಂಗ್, ಫೆಬ್ರವರಿಯಲ್ಲೇ ಸೋತು ಮನೆಗೆ ಹೋಗಿದ್ದ ಅಭ್ಯರ್ಥಿ. ನ್ಯಾಯಾಧೀಶರು ರದ್ದತಿಯನ್ನ ತಳ್ಳಿಹಾಕಿದರು. ಜೂನ್ 23ರಂದು ಬೈಡನ್, ಸ್ಯಾಂಡರ್ಸ್, ಯಾಂಗ್ ಎಲ್ಲರ ಹೆಸರಿದ್ದ ಮತಪತ್ರ ಹಿಡಿದು ನ್ಯೂಯಾರ್ಕ್‌ನ ಜನ ಮತ ಹಾಕಿದರು. ಆ ಹೊತ್ತಿಗೆ ಬೈಡನ್‌ಗೆ ಬೇಕಾದ ಬಹುಮತ ಸಿಕ್ಕಾಗಿತ್ತು.