ಕಿಟಕಿಯಾಚೆಯ ಹಕ್ಕಿ, ಕಿಟಕಿಯೀಚೆಯ ನಾವು



ಮಾವು ಹೂ ಬಿಟ್ಟು, ಹೊಂಗೆ ಚಿಗುರಿ, ಯುಗಾದಿ ಹತ್ತಿರವಾಗುವ ದಿನಗಳಲ್ಲಿ ಕೋಗಿಲೆ ಬೆಳಗಿನ ಜಾವಕ್ಕೇ ಕೂಗಲಾರಂಭಿಸುತ್ತದೆ. ಬೇಗ ಏಳುವವರಿಗೆ ಅದು ಸಂಗೀತ. ರಾತ್ರಿ ಪಾಳಿ ಮುಗಿಸಿ ಆಗತಾನೇ ಮಲಗಿದವರು ಅದನ್ನು ಏನೆಂದು ಕರೆಯುತ್ತಾರೋ, ಈ ಪುಟದಲ್ಲಿ ಬರೆಯುವಂತಿಲ್ಲ!

ಮನೆಯಲ್ಲೇ ಕುಳಿತು ಹಕ್ಕಿ ನೋಡುವ ಹವ್ಯಾಸಕ್ಕೆ ಖರ್ಚಿಲ್ಲ. ಒಂದು ಕಿಟಕಿ, ಒಂದು ಕುರ್ಚಿ, ಸಾಧ್ಯವಾದರೆ ಒಂದು ಹಳೆಯ ದುರ್ಬೀನು ಸಾಕು. ಆದರೆ ಇದು ತೊಡಗಿದವರನ್ನೆಲ್ಲ ಒಂದಲ್ಲ ಒಂದು ದಿನ ನಗೆಪಾಟಲಿಗೆ ಗುರಿಮಾಡುತ್ತದೆ. ನಾನೂ ಅದಕ್ಕೆ ಹೊರತಲ್ಲ.

ಮೊದಲ ವರ್ಷ ಹಿತ್ತಲ ಮಾವಿನ ಮರದಲ್ಲಿ ಮೈತುಂಬ ಬಿಳಿ ಚುಕ್ಕೆಯ, ಉದ್ದ ಬಾಲದ ಕಂದು ಹಕ್ಕಿಯೊಂದು ಕಂಡಿತು. ಅಪರೂಪದ ಗಿಡುಗವೇ ಇರಬೇಕೆಂದು ನಿರ್ಧರಿಸಿ, ಬಂದವರಿಗೆಲ್ಲ ತೋರಿಸಿದೆ. ಅಡುಗೆಯ ಅಮ್ಮ ಮಾತ್ರ ಸೌಟು ಹಿಡಿದೇ ಬಂದು ನೋಡಿ, "ಇದು ಹೆಣ್ಣು ಕೋಗಿಲೆ ಅಲ್ವಾ ಫಾದರ್?" ಎಂದರು. ಹೌದು! ಕಪ್ಪಗಿರುವುದು ಗಂಡು, ಕುಹೂ ಎನ್ನುವುದೂ ಅದೇ. ಇನ್ನೊಮ್ಮೆ 'ಟುಕ್ ಟುಕ್ ಟುಕ್' ಎಂಬ ಸದ್ದು ಗಂಟೆಗಟ್ಟಲೆ ಕೇಳಿಸಿದಾಗ, ನೀರಿನ ಪಂಪು ಕೆಟ್ಟಿದೆಯೆಂದು ಮೆಕ್ಯಾನಿಕ್‌ನನ್ನು ಕರೆಸಿದೆ. ಆತ ಪಂಪನ್ನು ಬಿಚ್ಚಿ, ಜೋಡಿಸಿ, ಹಣ ಪಡೆದು ಹೋದ. ಸದ್ದು ನಿಲ್ಲಲಿಲ್ಲ. ಒಣ ಕೊಂಬೆಯ ತುದಿಯಲ್ಲಿ ಗುಬ್ಬಿಯಷ್ಟೇ ಗಾತ್ರದ, ಹಸಿರು ಮೈಯ, ಕೆಂಪು ಹಣೆಯ ಕಂಚುಗಾರ ಹಕ್ಕಿ ಕುಳಿತಿತ್ತು.

ಹಕ್ಕಿಗಳೂ ತಪ್ಪು ತಿಳಿಯುತ್ತವೆ. ಗೂಡು ಕಟ್ಟುವ ಕಾಲದಲ್ಲಿ ಗಂಡು ಸೂರಕ್ಕಿ ನನ್ನ ಸ್ಕೂಟರಿನ ಕನ್ನಡಿಯಲ್ಲಿ ತನ್ನನ್ನೇ ಕಂಡು, ಗಡಿ ದಾಟಿ ಬಂದ ವೈರಿಯೆಂದು ಬಗೆದು ಕೊಕ್ಕಿನಿಂದ ಕುಟ್ಟುತ್ತಿತ್ತು. ಅದು ಹೊಡೆದಷ್ಟೂ ವೈರಿಯೂ ಹೊಡೆಯುತ್ತಾನೆ, ಯುದ್ಧ ಮುಗಿಯುವುದೆಂತು? ಕೊನೆಗೆ ಕನ್ನಡಿಗೆ ಹಳೆಯ ಕಾಲುಚೀಲ ತೊಡಿಸಿದೆ. ಹಕ್ಕಿಗೂ ನೆಮ್ಮದಿ, ನನಗೂ ನೆಮ್ಮದಿ.

ಈ ಸೂರಕ್ಕಿಯನ್ನು ಹಿಂಬಾಲಿಸಿದ ನನ್ನ ದುರ್ಬೀನು ಪಕ್ಕದ ಮನೆಯ ವರಾಂಡದ ಕಡೆಗೆ ತಿರುಗಿತು. ಮರುದಿನ ಆ ಮನೆಯವರು ಪರದೆ ಕಟ್ಟಿದರು. ಮೂರನೆಯ ದಿನ ಗೇಟಿನ ಬಳಿ ಸಿಕ್ಕಿ, "ಏನು ಫಾದರ್, ನಮ್ಮ ಮನೆ ಮೇಲೆ ಬಹಳ ಗಮನ?" ಎಂದರು. ಮುಖಕ್ಕೆ ಬಿಸಿನೀರು ಎರಚಿದಂತಾಯಿತು. ಅವರನ್ನು ಕರೆದೊಯ್ದು, ಅವರದೇ ವರಾಂಡದ ತಂತಿಯಲ್ಲಿ ತೂಗುತ್ತಿದ್ದ ಪುಟ್ಟ ಗೂಡನ್ನು ತೋರಿಸಿದೆ. "ಅಯ್ಯೋ, ನಾನು ಕಸ ಅಂದ್ಕೊಂಡಿದ್ದೆ" ಎಂದು ನಕ್ಕರು. ನಾನೂ ನಕ್ಕೆ. ಆದರೂ ಅಂದು ರಾತ್ರಿ ಮನಸ್ಸಿನಲ್ಲಿ ಮುಳ್ಳೊಂದು ಚುಚ್ಚುತ್ತಲೇ ಇತ್ತು: ಇಷ್ಟು ವರ್ಷದ ನೆರೆಯವರು ನನ್ನನ್ನು ಅಷ್ಟು ಬೇಗ ಹಾಗೆ ಭಾವಿಸಿಬಿಟ್ಟರೇ?

ಹಾಗೆ ಕೇಳಿಕೊಂಡಾಗಲೇ ಬೇರೊಬ್ಬರ ಮುಖ ನೆನಪಾಯಿತು. ಪ್ರತಿ ಭಾನುವಾರ ಕೊನೆಯ ಆಶೀರ್ವಾದಕ್ಕೂ ಕಾಯದೆ ಹೊರಟುಹೋಗುತ್ತಿದ್ದ ಒಬ್ಬ ಯುವಕ. 'ಭಕ್ತಿಯಿಲ್ಲದವನು' ಎಂದು ನಾನು ಅವರಿಗೆ ಹೆಸರಿಟ್ಟಾಗಿತ್ತು. ಒಮ್ಮೆ ಪ್ರಬೋಧನೆಯಲ್ಲಿ, ಹೆಸರು ಹೇಳದೆ, ಚುಚ್ಚಿಯೂ ಇದ್ದೆ. ಹಾಸಿಗೆ ಹಿಡಿದ ತಾಯಿಯ ಬಳಿ, ಪತ್ನಿ ಕೆಲಸಕ್ಕೆ ಹೊರಡುವ ಮುನ್ನ ತಲುಪಬೇಕಾಗಿತ್ತೆಂಬುದು ತಾಯಿ ತೀರಿಕೊಂಡ ಮೇಲಷ್ಟೇ ನನಗೆ ತಿಳಿಯಿತು. ಕ್ಷಮೆ ಕೇಳಿದೆ. "ಪರವಾಗಿಲ್ಲ ಫಾದರ್" ಎಂದರು. ಅದು ಅವರ ದೊಡ್ಡತನ. ಅದರಿಂದ ನನ್ನ ತಪ್ಪು ಸಣ್ಣದಾಗಲಿಲ್ಲ.

ಹಾಗಾದರೆ ತಪ್ಪಾಗಿ ತಿಳಿಯುವುದೇ ಪಾಪವೇ? ಅಲ್ಲ. ಕೋಗಿಲೆಯನ್ನು ಗಿಡುಗವೆಂದರೆ ಕೋಗಿಲೆಗೆ ನಷ್ಟವಿಲ್ಲ. ಆದರೆ ಮನುಷ್ಯನಿಗೆ ತಪ್ಪು ಹೆಸರಿಟ್ಟರೆ ಆತ ಅದನ್ನು ಹೊತ್ತು ತಿರುಗಬೇಕು. ಸಂತ ಥಾಮಸ್ ಅಕ್ವಿನಾಸ್‌ರವರು ಸಂಶಯದಿಂದ ತೀರ್ಪು ನೀಡುವುದನ್ನು ಕುರಿತು ವಿಚಾರಿಸುತ್ತಾ, ಸಂಶಯ ಹುಟ್ಟುವ ಮೂರು ಮೂಲಗಳನ್ನು ಗುರುತಿಸುತ್ತಾರೆ. ಒಂದು, ತನ್ನೊಳಗಿನ ಕೆಡುಕನ್ನೇ ಇತರರಲ್ಲಿ ಕಾಣುವುದು. ಎರಡು, ದ್ವೇಷ, ಕೋಪ ಅಥವಾ ಅಸೂಯೆ. ಮೂರು, ದೀರ್ಘಕಾಲದ ಅನುಭವ. ಮೊದಲನೆಯದನ್ನು ಓದಿದಾಗಲೆಲ್ಲ ನನಗೆ ಕನ್ನಡಿ ಕುಟ್ಟುವ ಸೂರಕ್ಕಿ ನೆನಪಾಗುತ್ತದೆ. ಮೂರನೆಯದು ನಮ್ಮಂಥ ನಡುವಯಸ್ಸು ದಾಟುತ್ತಿರುವವರಿಗೆ: "ನಾನೆಷ್ಟು ಜನರನ್ನು ನೋಡಿಲ್ಲ!" ಎನ್ನುವವನು ಎದುರಿಗಿರುವವನನ್ನು ನೋಡುವುದನ್ನೇ ಬಿಟ್ಟಿರುತ್ತಾನೆ. ಕೆಟ್ಟವನನ್ನು ಒಳ್ಳೆಯವನೆಂದು ತಿಳಿದು ಹಲವು ಬಾರಿ ಮೋಸಹೋದರೂ ಸರಿ, ಒಳ್ಳೆಯವನನ್ನು ಕೆಟ್ಟವನೆಂದು ಎಣಿಸುವುದು ಅದಕ್ಕಿಂತ ಕೆಟ್ಟದ್ದೆಂಬುದು ಆ ಸಂತರ ನಿಲುವು.

"ಹಾಗಾದರೆ ಯಾರ ಬಗ್ಗೆಯೂ ಏನೂ ಯೋಚಿಸಬಾರದೇ? ಮಗನ ಸಹವಾಸ ಕೆಟ್ಟರೂ ಸುಮ್ಮನಿರಬೇಕೇ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರವನ್ನು ಹಕ್ಕಿ ನೋಡುವವರಿಂದಲೇ ಕಲಿಯೋಣ. ಪ್ರತಿವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್' ನಡೆಯುತ್ತದೆ. 2013ರಿಂದ ಭಾರತವೂ ಅದರಲ್ಲಿ ಸೇರಿದೆ. ಯಾರು ಬೇಕಾದರೂ ಮನೆಯಂಗಳದಲ್ಲಿ ಕನಿಷ್ಠ 15 ನಿಮಿಷ ನಿಂತು, ಕಂಡ ಹಕ್ಕಿಗಳನ್ನು ಎಣಿಸಿ ದಾಖಲಿಸಬಹುದು. ಯಾವ ಕಾಗೆಯೆಂದು ಖಚಿತವಾಗದಿದ್ದರೆ ಊಹಿಸಬೇಕಾಗಿಲ್ಲ. 'ಕಾಗೆಯ ಜಾತಿಯದು' ಎಂದಷ್ಟೇ ಬರೆಯಲು ಅವಕಾಶವಿದೆ. ಕಂಡಷ್ಟನ್ನು ಹೇಳು, ಕಾಣದ್ದನ್ನು ಸೇರಿಸಬೇಡ, ಮತ್ತೆ ನೋಡು. ಮಗ ತಡವಾಗಿ ಬಂದದ್ದು ಕಂಡಿತೇ? "ತಡವಾಯಿತಲ್ಲ, ಯಾಕೆ ಮಗನೇ?" ಎಂದು ಕೇಳೋಣ. 'ಹಾಳಾಗಿ ಹೋದ' ಎಂಬುದು ನಾವು ಕಂಡದ್ದಲ್ಲ, ಸೇರಿಸಿದ್ದು.

'ಗೊತ್ತಿಲ್ಲ' ಎನ್ನುವುದು ಸೋಲಲ್ಲ. 1908ರಲ್ಲಿ ಬೊಂಬಾಯಿಯ ಬಾಲಕನೊಬ್ಬ ಆಟದ ಬಂದೂಕಿನಿಂದ ಹೊಡೆದ ಗುಬ್ಬಿಯ ಕೊರಳಲ್ಲಿ ಹಳದಿ ಗುರುತು ಕಂಡ. ಇದಾವ ಹಕ್ಕಿಯೆಂದು ತಿಳಿಯದೆ, ಅದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಒಯ್ದ. ಅಲ್ಲಿನ ಕಾರ್ಯದರ್ಶಿ ಮಿಲ್ಲರ್ಡ್‌ರವರು ಅದನ್ನು ಗುರುತಿಸಿದ್ದಲ್ಲದೆ, ಸಂಗ್ರಹದ ಪೆಟ್ಟಿಗೆಗಳನ್ನೂ ತೆರೆದು ತೋರಿಸಿದರು. ಆ ಬಾಲಕನೇ 1941ರಲ್ಲಿ ಭಾರತದ ಹಕ್ಕಿಗಳ ಕುರಿತ ಪ್ರಸಿದ್ಧ ಪುಸ್ತಕವನ್ನು ಬರೆದ ಸಲೀಂ ಅಲಿ. 'ಗುಬ್ಬಿ ತಾನೇ' ಎಂದು ಆತ ಬಿಸಾಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆಕಾಶದ ಹಕ್ಕಿಗಳತ್ತ ನೋಡಲು ಪ್ರಭು ಯೇಸು ಹೇಳಿದ ಮಾತಿಗೆ ಮತ್ತಾಯನ ಶುಭಸಂದೇಶದ ಗ್ರೀಕ್ ಮೂಲದಲ್ಲಿರುವ ಕ್ರಿಯಾಪದಕ್ಕೆ ದಿಟ್ಟಿಸಿ ನೋಡುವುದೆಂಬ ಅರ್ಥವಿದೆ. ಕಣ್ಣು ಹಾಯಿಸಿದರೆ ಸಾಲದು, ದೃಷ್ಟಿ ನಿಲ್ಲಿಸಬೇಕು.

ಈ ವಾರ ಹದಿನೈದು ನಿಮಿಷ ಕಿಟಕಿಯ ಬಳಿ ಕುಳಿತುಕೊಳ್ಳಿ. ಹಕ್ಕಿಗಳ ಹೆಸರು ತಪ್ಪಿದರೆ ಮನೆಮಂದಿಯೆಲ್ಲ ಸೇರಿ ನಕ್ಕುಬಿಡಿ. ಆಮೇಲೆ ಕಿಟಕಿಯಿಂದ ಮುಖ ತಿರುಗಿಸಿ, ಅಷ್ಟೇ ಹೊತ್ತು, ಅಷ್ಟೇ ತಾಳ್ಮೆಯಿಂದ, ನೀವು ಎಂದೋ ಹೆಸರಿಟ್ಟು ಮುಗಿಸಿದ ಒಬ್ಬರನ್ನು ಮತ್ತೊಮ್ಮೆ ನೋಡಿ. ಪಕ್ಕದ ಮನೆಯವರು ಪರದೆ ತೆಗೆದಿದ್ದಾರೆ. ಸೂರಕ್ಕಿಯ ಮರಿಗಳು ಹಾರಿಹೋದ ಸುದ್ದಿಯನ್ನು ನನಗೆ ಮೊದಲು ಹೇಳಿದವರು ಅವರೇ!