ಬಂಬಿನ ಹೊಗೆ

ಮುಲುಂಡಿಗೆ ಹೊರಟಾಗ ಅವ್ವ ತಾಮ್ರದ ಬಂಬು ಕಟ್ಟಿಕೊಟ್ಟಳು. ನಡುವಿನ ಕೊಳವೆಯಲ್ಲಿ ಕೆಂಡ, ಸುತ್ತ ನೀರು. ಒಂದು ತಂಬಿಗೆ ತಣ್ಣೀರು ಸುರಿದರೆ ಅದು ತಳಕ್ಕಿಳಿದು, ಅಷ್ಟೇ ಬಿಸಿನೀರನ್ನು ಹೊರದೂಡುತ್ತದೆ. ಚಾಳಿನ ಗ್ಯಾಲರಿಯಲ್ಲಿ ಹೊತ್ತಿಸಿದೆ. ಪಕ್ಕದ ಮನೆಯ ಅಜ್ಜಿ ಕೆಮ್ಮುತ್ತ ಮರಾಠಿಯಲ್ಲಿ ಕೇಳಿದಳು: 'ಬಿಸಿನೀರು ನಿನಗೆ, ಹೊಗೆ ನನಗೇನಪ್ಪಾ?'

ಊರಲ್ಲಿ ನಮ್ಮ ಬಚ್ಚಲೊಲೆಯ ಹೊಗೆ ಹಿತ್ತಲಿನ ಬಯಲಿಗೆ ಹೋಗುತ್ತಿತ್ತು. ಅಷ್ಟಕ್ಕೇ ನಾವು ಯಾರಿಗೂ ಕೇಡು ಬಗೆಯದವರು ಅಂದುಕೊಂಡಿದ್ದೆವು! ಬಂಬನ್ನು ಒಳಗಿಟ್ಟು ಬಾಗಿಲು ಹಾಕಿದರೆ ಕೆಂಡದ ವಿಷಗಾಳಿಗೆ ನಾವೇ ಸಾಯಬೇಕು. ಕಡೆಗೆ ಗೀಸರ್ ಹಾಕಿಸಿದೆ. ಅಜ್ಜಿಗೆ ಸಮಾಧಾನ.

ನನಗಿಲ್ಲ. ಮಹಾರಾಷ್ಟ್ರದ ಕರೆಂಟಿನ ದೊಡ್ಡ ಪಾಲು ಕಲ್ಲಿದ್ದಲಿನದು. ಚಂದ್ರಪುರದ ಸ್ಥಾವರದ ಹತ್ತಿರವೂ ಒಬ್ಬ ಅಜ್ಜಿ ಕೆಮ್ಮುತ್ತಿರಬಹುದು. ಆಕೆ ಬಂದು ನನ್ನ ಬಾಗಿಲು ಬಡಿಯಲಾರಳು. ಕೇಳುವವರು ದೂರವಿದ್ದರೆ ತಪ್ಪು ಸಣ್ಣದಾಗುತ್ತದೆಯೇ? ಈಗ ಒಂದೇ ಬಕೆಟ್ ನೀರಿಗೆ ಸ್ವಿಚ್ ಆರಿಸುತ್ತೇನೆ.